ಭಾವ ಕೆಡಿಸಿದ ಮನೆ ವ್ಯಾಪಾರ

ನಿಮಗೆ ಯಾರ ಮೇಲಾದರೂ ಹಗೆ ಇದೆಯೇ? ಅವರು ಹೊಸದಾಗಿ ಏನಾದರೂ ವ್ಯಾಪಾರ ಶುರು ಮಾಡುತ್ತಿದ್ದಾರೆಯೇ? ಹಾಗಾದರೆ ಜಗಳ, ಕೋರ್ಟು, ಮಾಟಮಂತ್ರ ಯಾವುದೂ ಬೇಡ. ನನ್ನ ಷಡ್ಡಕರನ್ನು ಅವರಿಗೆ ಪಾಲುದಾರರನ್ನಾಗಿ ಕೊಟ್ಟುಬಿಡಿ. ನಾಲ್ಕೇ ತಿಂಗಳಲ್ಲಿ ವ್ಯಾಪಾರ ಮುಚ್ಚುತ್ತದೆ. ಮುಚ್ಚುವ ಹೊತ್ತಿಗೆ ಸಬರ್ಬಿನವರೆಲ್ಲ ಷಡ್ಡಕರನ್ನು ಹೊಗಳುತ್ತಿರುತ್ತಾರೆ, ನಿಮ್ಮ ಹಗೆಯವನು ಮಾತ್ರ ಒಂದು ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂತಿರುತ್ತಾನೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಆ ಮೂಲೆಯಲ್ಲಿ ಕೂತಿದ್ದವನು ನಾನೇ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕರೆಯುವುದು ಭಾವ ಎಂದು. ಹುಬ್ಬಳ್ಳಿಯ ಅಕ್ಕತಂಗಿಯರನ್ನು ಮದುವೆಯಾಗಿ ಇಬ್ಬರೂ ಸಿಡ್ನಿ ಸೇರಿದ್ದೇವೆ. ಅಷ್ಟು ಬಿಟ್ಟರೆ ನಮ್ಮಿಬ್ಬರಲ್ಲಿ ಒಂದು ಕೂದಲಿನಷ್ಟೂ ಹೋಲಿಕೆ ಇಲ್ಲ. ನಾನು ಮೈಸೂರಿನವನು, ನಾರ್ತ್ ಸಿಡ್ನಿಯ ಐಟಿ ಕನ್ಸಲ್ಟೆನ್ಸಿಯೊಂದರಲ್ಲಿ ಎಸಿ ಗಾಳಿ ಕುಡಿದು ಬದುಕುವವನು. ಅವರು ಧಾರವಾಡದವರು, ಸಿವಿಲ್ ಎಂಜಿನಿಯರು. ಬ್ಲ್ಯಾಕ್‌ಟೌನ್ ಕಡೆ ಮನೆ. ಒಂದು ಕೌನ್ಸಿಲ್ಲಿನ, ಅಂದರೆ ಇಲ್ಲಿನ ಪುರಸಭೆಯ, ಚರಂಡಿ ವಿಭಾಗದಲ್ಲಿ ಇಪ್ಪತ್ತು ವರ್ಷದ ನೌಕರಿ. ನಾವೆಲ್ಲ ಒಬ್ಬರ ಮನೆಗೆ ಹೋದರೆ ಸೋಫಾ ನೋಡುತ್ತೇವೆ, ಗೋಡೆಯ ಮೇಲಿನ ಟಿವಿ ಎಷ್ಟು ದೊಡ್ಡದು ಎಂದು ನೋಡುತ್ತೇವೆ. ಭಾವ ಸೀದಾ ಹಿತ್ತಲಿಗೆ ಹೋಗಿ ನೀರು ಎತ್ತ ಹರಿಯುತ್ತದೆ ಎಂದು ನೋಡುತ್ತಾರೆ. ಕಾಫಿ ಕೊಟ್ಟವರ ಮುಖ ಮರೆತಾರು, ಅವರ ಮನೆಯ ಮೋರಿ ಮರೆಯುವುದಿಲ್ಲ. ಗುಲಬರ್ಗಾದ ಡಾಕ್ಟರೊಬ್ಬರು ಸಿಕ್ಕಿದ್ದರು ಎಂದು ನಾನೊಮ್ಮೆ ಹೇಳಿದಾಗ ಎಷ್ಟು ವಿವರಿಸಿದರೂ ಅವರಿಗೆ ಗುರುತು ಹತ್ತಲಿಲ್ಲ. ಆಮೇಲೆ ಥಟ್ಟನೆ ಹೊಳೆಯಿತು: “ಬಚ್ಚಲದಾಗ ನೀರು ನಿಲ್ಲತಾವಲ್ಲ, ಅವರೇನು?”

ಒಮ್ಮೆ ಹೊಸ ಬಡಾವಣೆಯಲ್ಲಿ ಗೃಹಪ್ರವೇಶ. ಪುರೋಹಿತರು ಸಂಕಲ್ಪಕ್ಕೆಂದು ಮನೆಯ ಯಜಮಾನರನ್ನು ಕರೆದರೆ ಯಜಮಾನರೇ ಇಲ್ಲ. ಹುಡುಕಿದೆವು. ರೇಷ್ಮೆ ಪಂಚೆ ಉಟ್ಟ ಯಜಮಾನರು ಹಿತ್ತಲಲ್ಲಿ ಭಾವನ ಪಕ್ಕ ಹೊಟ್ಟೆಯ ಮೇಲೆ ಮಲಗಿ ಒಂದು ಗುಂಡಿಯೊಳಗೆ ಟಾರ್ಚ್ ಬಿಟ್ಟುಕೊಂಡು ನೋಡುತ್ತಿದ್ದರು. ಇಳಿಜಾರು ತಪ್ಪಾಗಿದೆ, ಬಿಲ್ಡರಿಗೆ ಈಗಲೇ ಕಾಗದ ಬರೆಯಬೇಕು ಎಂದು ಭಾವ ಹೇಳುತ್ತಿದ್ದರು. ಕರೆಯಲು ಹೋದ ಪುರೋಹಿತರೂ ಕುತೂಹಲಕ್ಕೆ ಬಗ್ಗಿ ನೋಡಿದರು. ಅವರದೂ ಅದೇ ಬಿಲ್ಡರ್ ಕಟ್ಟಿದ ಮನೆ! ಪೂಜೆ ಅರ್ಧ ಗಂಟೆ ತಡವಾಯಿತು.

ಇಂಥ ಮನುಷ್ಯನನ್ನು ನಾನು ಪಾಲುದಾರ ಯಾಕೆ ಮಾಡಿಕೊಂಡೆ? ಅದನ್ನು ಹೇಳಬೇಕಾದರೆ ನನ್ನ ಆಸೆಯನ್ನು ಹೇಳಬೇಕು.

ಬಡ್ಡಿದರ ಏರುತ್ತಿದ್ದ ಕಾಲ. ನಮ್ಮ ಮನೆಯ ಮಾರ್ಟ್‌ಗೇಜ್ ಕಂತು ಪ್ರತಿ ಸಲವೂ ಸ್ವಲ್ಪ ಮೈ ಬೆಳೆಸಿಕೊಂಡು ಬರುತ್ತಿತ್ತು. ಟ್ರೈನಿನಲ್ಲಿ ಫೋನ್ ತಿಕ್ಕುತ್ತ ಕೂತಿದ್ದಾಗ ಒಂದು ಜಾಹೀರಾತು ಕಂಡಿತು: ಸ್ವಂತ ದುಡ್ಡಿಲ್ಲದೆ ಮನೆ ವ್ಯಾಪಾರ ಮಾಡುವುದು ಹೇಗೆ, ಎರಡು ದಿನದ ತರಬೇತಿ. ಪ್ಯಾರಮಟ್ಟಾದ ಒಂದು ಹೋಟೆಲಿನ ಹಾಲಿನಲ್ಲಿ ನಾವು ನಲವತ್ತು ಜನ ಕೂತು ಕಲಿತೆವು. ವ್ಯಾಪಾರದ ಹೆಸರು ಹೋಲ್‌ಸೇಲಿಂಗ್. ಹೆಸರು ಕೇಳಿ ಅಕ್ಕಿಮೂಟೆ ನೆನಪಾದರೆ ತಪ್ಪು ನಿಮ್ಮದಲ್ಲ. ಮನೆಸಾಲದ ಕಂತು ಕಟ್ಟಲಾಗದೆ ಹಿಂದೆ ಬಿದ್ದವರು ಇರುತ್ತಾರೆ. ಬ್ಯಾಂಕು ನೋಟಿಸ್ ಕೊಟ್ಟಿರುತ್ತದೆ, ಮನೆಯನ್ನು ಇನ್ನೂ ವಶಕ್ಕೆ ತೆಗೆದುಕೊಂಡಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಹೋಗಿ ಅವರ ಬಾಗಿಲು ತಟ್ಟಬೇಕು. ಕಡಿಮೆ ಬೆಲೆಗೆ ಕರಾರು ಮಾಡಿಕೊಳ್ಳಬೇಕು. ಆಮೇಲೆ ಆ ಕರಾರನ್ನೇ ಒಬ್ಬ ಇನ್ವೆಸ್ಟರಿಗೆ ದಾಟಿಸಿ ನಡುವಿನ ಲಾಭವನ್ನು ಜೇಬಿಗಿಳಿಸಬೇಕು. ಮನೆ ಕೊಳ್ಳದೆ ಮನೆ ಮಾರುವುದು! ಇದು ವ್ಯಾಪಾರವಲ್ಲ, ಕಷ್ಟದಲ್ಲಿರುವವರಿಗೆ ಮಾಡುವ ಸೇವೆ ಎಂದು ತರಬೇತುದಾರ ಹೇಳಿದ. ನಾನು ಸೇವೆ ಎಂಬ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ.

ಅವನು ಎರಡು ನಿಯಮ ಹೇಳಿಕೊಟ್ಟಿದ್ದ. ಒಂದು, ಕಟ್ಟಡ ಗೊತ್ತಿರುವವರನ್ನು ಜೊತೆಗೆ ಕರೆದೊಯ್ಯಿರಿ. ಅವರು ಮನೆಯ ಕೊರತೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ. ಎರಡು, ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿ ಕೂರಿ. ಮೊದಲು ಮಾತಾಡಿದವನು ಸೋಲುತ್ತಾನೆ.

ಮೊದಲನೆಯ ನಿಯಮಕ್ಕೆ ನನಗೆ ಹೊಳೆದದ್ದು ಭಾವ. ನಾನು ವಿವರಿಸಿದ್ದನ್ನೆಲ್ಲ ಅವರು ಗಲ್ಲದ ಮೇಲೆ ಕೈಯಿಟ್ಟು ಕೇಳಿದರು.

“ಅಂದ್ರ ತಮ್ಮಾ, ಮುಳಗಾಕತ್ತಾವನ ಕೈ ಹಿಡೀಬೇಕು. ಹಿಡದು, ಮದಲ ವಾಚ್ ಬಿಚ್ಚಿಕೋಬೇಕು. ಹಂಗೇನು?”

ಹಾಗಲ್ಲ, ಅವನನ್ನು ದಡಕ್ಕೂ ಎಳೆಯುತ್ತೇವೆ ಎಂದು ನಾನು ಸಮಾಧಾನ ಹೇಳಿದೆ. ಅವರು ಒಪ್ಪಿದ್ದು ಆ ಮಾತಿಗೋ, ಪ್ರತಿ ಶನಿವಾರ ಗುರುತಿಲ್ಲದವರ ಮನೆಯ ಹಿತ್ತಲು ನೋಡಲು ಸಿಗುತ್ತದೆ ಎಂಬ ಖುಷಿಗೋ, ಇಂದಿಗೂ ನನಗೆ ಗೊತ್ತಿಲ್ಲ.

ಮೊದಲ ಕೆಲಸ ಕರಪತ್ರ. ಕಂತು ಕಟ್ಟಲು ಕಷ್ಟವೇ, ನಿಮ್ಮ ಮನೆಯನ್ನು ಇರುವ ಸ್ಥಿತಿಯಲ್ಲೇ ಬೇಗ ಕೊಳ್ಳುತ್ತೇವೆ ಎಂದು ಅಚ್ಚು ಹಾಕಿಸಿ ಐನೂರು ಪ್ರತಿ ಭಾವನ ಕೈಗೆ ಕೊಟ್ಟೆ. ಅವರು ಬ್ಲ್ಯಾಕ್‌ಟೌನ್ ಸುತ್ತ ನಡೆದಾಡಿ ಲೆಟರ್‌ಬಾಕ್ಸುಗಳಿಗೆಲ್ಲ ಹಾಕಿ ಬಂದರು. ಒಂದೇ ವಾರದಲ್ಲಿ ಹನ್ನೊಂದು ಫೋನ್ ಬಂದವು. ನಾನು ಹಿಗ್ಗಿಹೋದೆ. ವಿಚಾರಿಸಿದರೆ ಹನ್ನೊಂದೂ ಜನರಿಗೆ ಕಟ್ಟಿಕೊಂಡದ್ದು ಮೋರಿ. ಬರೀ ದುಡ್ಡಿನ ಮಾತಿರುವ ಕಾಗದವನ್ನು ಯಾರು ಓದುತ್ತಾರೆ ಎಂದು ಭಾವ ಪ್ರತಿಯೊಂದರ ಕೆಳಗೂ ಚರಂಡಿ ತೊಂದರೆಯಿದ್ದರೂ ಫೋನ್ ಮಾಡಿ, ಸಲಹೆ ಉಚಿತ ಎಂದು ಕೈಯಲ್ಲಿ ಬರೆದಿದ್ದರು. ಐನೂರಕ್ಕೂ! ಹನ್ನೊಂದು ಮನೆಗೂ ಹೋಗಿ ಬಂದರು. ಅದರಲ್ಲಿ ಒಂದು ಮನೆಯವರು ಈಗಲೂ ದೀಪಾವಳಿಗೆ ಅವರನ್ನು ಕರೆಯುತ್ತಾರೆ.

ಆಮೇಲೆ ಹುಲ್ಲಿನ ಪ್ರಸಂಗ. ಅಂಗಳದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ ಆ ಮನೆಯವರು ಸೋತಿದ್ದಾರೆ ಎಂದು ತಿಳಿಯಬೇಕು, ಇದೂ ತರಬೇತಿಯಲ್ಲಿ ಕಲಿತದ್ದೇ. ಅಂಥ ಒಂದು ಮನೆ ಹುಡುಕಿ ಭಾವನಿಗೆ ತೋರಿಸಿ ಬಂದೆ. ಮರುದಿನ ಅವರು ತಮ್ಮ ಹುಲ್ಲು ಕತ್ತರಿಸುವ ಯಂತ್ರವನ್ನು ಕಾರಿಗೆ ಹಾಕಿಕೊಂಡು ಹೋಗಿ ಇಡೀ ಅಂಗಳ ಬೋಳಿಸಿಬಿಟ್ಟರು. ಪಾಪ, ಕಷ್ಟದಲ್ಲಿರುವವರು, ಅವರಿಗೆಲ್ಲಿ ಪುರುಸೊತ್ತು ಎಂಬ ಮರುಕ. ಕೊನೆಯ ಸಾಲು ಕತ್ತರಿಸುವಾಗ ಮನೆಯ ಯಜಮಾನ ಹೊರಗೆ ಬಂದ. ಅವನಿಗೆ ಯಾವ ಸಾಲವೂ ಇರಲಿಲ್ಲ. ನೀಲಿ ನಾಲಿಗೆಯ ಹಲ್ಲಿಗಳು ಮನೆ ಮಾಡಿಕೊಳ್ಳಲಿ ಎಂದು ಎರಡು ವರ್ಷದಿಂದ ಆ ಹುಲ್ಲನ್ನು ಸಾಕಿದ್ದನಂತೆ. ಇದು ಕೌನ್ಸಿಲ್ಲಿನವರ ದಬ್ಬಾಳಿಕೆ, ನಿನ್ನನ್ನು ಕೌನ್ಸಿಲ್ಲಿನವರೇ ಕಳಿಸಿರಬೇಕು ಎಂದು ಕೂಗಾಡಿದ. ನಮ್ಮ ಭಾವ ಸುಳ್ಳು ಹೇಳುವವರಲ್ಲ. ತಾನು ಕೌನ್ಸಿಲ್ಲಿನವನೇ, ಆದರೆ ಯಾರೂ ಕಳಿಸಿಲ್ಲ ಎಂದು ವಿನಯದಿಂದ ಒಪ್ಪಿಕೊಂಡು ಬಂದರು.

ಕಡೆಗೂ ಒಂದು ನಿಜವಾದ ಮನೆ ಸಿಕ್ಕಿತು. ಪಂಜಾಬಿನ ಟ್ರಕ್ ಡ್ರೈವರ್, ಬೆನ್ನು ಮುರಿದುಕೊಂಡು ಆರು ತಿಂಗಳಿಂದ ಕೆಲಸವಿಲ್ಲದೆ ಮನೆಯಲ್ಲಿದ್ದ. ಬ್ಯಾಂಕಿನ ನೋಟಿಸು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು. ಅವನೂ ಅವನ ಹೆಂಡತಿಯೂ ಒಂದು ಕಡೆ, ನಾವಿಬ್ಬರೂ ಇನ್ನೊಂದು ಕಡೆ ಕೂತೆವು. ನಾನು ಹಿಂದಿಯಲ್ಲಿ ಪಾಠ ಒಪ್ಪಿಸಿದಂತೆ ಎಲ್ಲ ಹೇಳಿ ಬೆಲೆಯನ್ನೂ ಹೇಳಿ ಬಾಯಿ ಮುಚ್ಚಿದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನಾರು, ಹದಿನೇಳು. ಡ್ರೈವರ್ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮೊದಲು ಮಾತಾಡಿದವರು ಭಾವ. ತಮ್ಮ ಧಾರವಾಡದ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು: ಈ ಮನೆಯ ಅಡಿಪಾಯ ಬಹಳ ಗಟ್ಟಿ, ಎಲ್ಲೂ ಬಿರುಕಿಲ್ಲ, ನೀರು ಚೆನ್ನಾಗಿ ಹರಿದು ಹೋಗುತ್ತದೆ, ಇದನ್ನು ಈ ಬೆಲೆಗೆ ಕೊಟ್ಟರೆ ನಿಮಗೆ ಮೋಸ.

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಪಕ್ಕಕ್ಕಿಟ್ಟುಕೊಂಡು ಮುಂದುವರಿಸಿದರು. ಇಂಥ ಕಷ್ಟ ಬಂದವರಿಗೆಂದೇ ಬ್ಯಾಂಕಿನಲ್ಲಿ ಒಂದು ವಿಭಾಗ ಇರುತ್ತದೆ, ಫೋನ್ ಮಾಡಿ ಕೇಳಿದರೆ ಕೆಲವು ತಿಂಗಳು ಕಂತು ನಿಲ್ಲಿಸುತ್ತಾರೆ, ಇಲ್ಲವೇ ಕಡಿಮೆ ಮಾಡುತ್ತಾರೆ ಎಂದರು. ಅಲ್ಲೇ ಫೋನ್ ಹಚ್ಚಿಸಿದರು. ಎರಡು ಗಂಟೆ ಕಾಯಿಸಿದರು ಬ್ಯಾಂಕಿನವರು. ಎರಡು ಗಂಟೆಯೂ ಅದೇ ಒಂದು ವಾದ್ಯಸಂಗೀತ. ಭಾವ ಮೂರು ಲೋಟ ಚಹಾ ಕುಡಿದು, ನಡುವೆ ಅವರ ಅಡುಗೆಮನೆಯ ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿ, ಕೊನೆಗೆ ಆ ಕಡೆಯ ಹೆಣ್ಣುಮಗಳ ಜೊತೆ ಡ್ರೈವರನ ಪರವಾಗಿ ಮಾತಾಡಿದರು. ಕಂತಿಗೆ ಬಿಡುವು ಸಿಕ್ಕಿತು. ಮುಂದಿನ ವಾರ ಡ್ರೈವರನ ಹೆಂಡತಿ ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿನಿಂದ ಒಂದು ದೊಡ್ಡ ಡಬ್ಬಿ ಮಿಠಾಯಿ ತಂದು ಕೊಟ್ಟಳು. ಭಾವ ಅದನ್ನು ಸರಿಯಾಗಿ ಅರ್ಧ ಮಾಡಿ ನಮ್ಮ ಮನೆಗೆ ತಂದರು. ಪಾಲುದಾರನ ಪಾಲು! ನಾಲ್ಕು ತಿಂಗಳ ನಮ್ಮ ವ್ಯಾಪಾರದ ಒಟ್ಟು ಲಾಭ ಅದೇ, ಅರ್ಧ ಡಬ್ಬಿ ಬರ್ಫಿ.

ಅಂದೇ ನಾನು ಅವರನ್ನು ಕೈಬಿಟ್ಟೆ. ಈ ಬಿಸಿನೆಸ್ ನಿಮಗೆ ಆಗಿಬರುವುದಿಲ್ಲ, ಇನ್ನು ಮುಂದೆ ನಾನೊಬ್ಬನೇ ನೋಡಿಕೊಳ್ಳುತ್ತೇನೆ ಎಂದೆ. ಮಾತು ಸ್ವಲ್ಪ ಗಡುಸಾಗಿಯೇ ಬಂತು. ಅವರಿಗೆ ಸಿಟ್ಟು ಬರಲಿಲ್ಲ. ಮನೆಗಳ ಮಾಡು, ಅಡಿಪಾಯ ಯಾರು ನೋಡುತ್ತಾರೆ ಎಂದಷ್ಟೇ ಕೇಳಿದರು. ಯಾರೂ ನೋಡಬೇಕಾಗಿಲ್ಲ ಎಂದೆ. ಬರ್ಫಿ ತಿನ್ನಲು ಹೇಳಿ ಹೊರಟುಹೋದರು.

ಇಲ್ಲಿಯವರೆಗೆ ನಕ್ಕಿದ್ದೀರಿ. ಇನ್ನು ಮುಂದಿನದು ನಾನೊಬ್ಬನೇ ಮಾಡಿದ್ದು, ಅದರಲ್ಲಿ ನಗುವಂಥದ್ದು ಹೆಚ್ಚಿಲ್ಲ.

ಮೆಲ್ಬರ್ನಿನಲ್ಲಿ ಕರಾರು ದಾಟಿಸುವುದು ಸುಲಭ ಎಂದು ಕೇಳಿದ್ದೆ. ಕರಾರಿನಲ್ಲಿ ನನ್ನ ಹೆಸರಿನ ಪಕ್ಕ “ಅಥವಾ ನಾನು ಸೂಚಿಸಿದವರು” ಎಂದು ಸೇರಿಸಿದರೆ ಮುಗಿಯಿತು. ಅದೇ ಹೊತ್ತಿಗೆ ಅಲ್ಲಿನ ಕನ್ನಡಿಗರ ಒಂದು ವಾಟ್ಸ್ಆ್ಯಪ್ ಗುಂಪಿನಿಂದ ನನಗೊಂದು ಸಂದೇಶ ಬಂತು. ತಿಪಟೂರು ಕಡೆಯ ಒಬ್ಬ ಹೆಂಗಸು, ಮನೆ ಬೇಗ ಮಾರಬೇಕಾಗಿದೆ, ಕೊಳ್ಳುವವರಿದ್ದರೆ ತಿಳಿಸಿ ಎಂದು ಕೇಳಿದ್ದರು. ನಾನು ಶುಕ್ರವಾರ ರಜೆ ಹಾಕಿ ವಿಮಾನ ಹತ್ತಿದೆ.

ಊರಿನ ಪಶ್ಚಿಮಕ್ಕೆ, ಹಳೆಯ ಹಲಗೆಯ ಗೋಡೆಗಳ ಒಂದು ಮನೆ. ಹಿಂದೆ ದೊಡ್ಡ ಹಿತ್ತಲು. ಆಕೆಗೆ ಐವತ್ತರ ಮೇಲೆ ವಯಸ್ಸು, ಚೈಲ್ಡ್‌ಕೇರ್ ಒಂದರಲ್ಲಿ ಕೆಲಸ. ಗಂಡ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಹೋಯಿತು. ಒಬ್ಬರ ಸಂಬಳದಲ್ಲಿ ಕಂತು ಹಿಂದೆ ಬಿತ್ತು. ನಾನು ಹೋದಾಗ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಒಂದು ಕೈಯಿಂದ ಗೋಡೆ ಸವರುತ್ತ ಬಚ್ಚಲಿಗೆ ಹೋಗಿ, ಹಾಗೆಯೇ ಗೋಡೆ ಹಿಡಿದು ಬಂದು ಕೂತರು. ಎಲ್ಲೂ ಎಡವಲಿಲ್ಲ. ಈ ಮನೆಯಲ್ಲಿ ಅವರಿಗೆ ಕಣ್ಣು ಬೇಕಾಗುವುದಿಲ್ಲ, ಹದಿನೆಂಟು ವರ್ಷದಿಂದ ಇದ್ದಾರಲ್ಲ ಎಂದು ಆಕೆ ಹೇಳಿದರು. ನಾನು ತಲೆಯಾಡಿಸಿದೆ. ಆ ಮಾತು ನನಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ.

ನಾನು ಆಕೆಯನ್ನು ಅಕ್ಕ ಎಂದು ಕರೆದೆ. ಬಾಗಿಲಲ್ಲಿ ಒಂದು ಸಲ, ಕಾಫಿ ತೆಗೆದುಕೊಳ್ಳುವಾಗ ಒಂದು ಸಲ, ಬೆಲೆ ಹೇಳುವ ಮೊದಲು ಒಂದು ಸಲ. ಆಕೆಯ ಮುಖ ಪ್ರತಿ ಸಲವೂ ಅರಳಿತು. ಬೆಲೆ ಹೇಳಿ ಬಾಯಿ ಮುಚ್ಚಿ ಕೂತೆ. ಈ ಸಲ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಆಕೆಯೇ ಕೇಳಿದರು: “ಸ್ವಲ್ಪ ಜಾಸ್ತಿ ಮಾಡಕ್ಕಾಗಲ್ವಾ?”

ನಾನು ಕಾಫಿ ಲೋಟವನ್ನೇ ನೋಡುತ್ತಿದ್ದೆ.

“ಆಯ್ತು ಬಿಡಿ. ನಮ್ಮೋರೇ ತಗೊಂಡ್ರೆ ಒಳ್ಳೇದು,” ಎಂದು ಆಕೆ ಗಂಡನ ಕಡೆ ತಿರುಗಿ ಹೇಳಿದರು. ಸೋಮವಾರ ಸಹಿ ಆಯಿತು.

ಬ್ಯಾಂಕಿನಲ್ಲಿ ಕಷ್ಟಕ್ಕೆಂದೇ ಒಂದು ವಿಭಾಗ ಇರುವುದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎರಡು ಗಂಟೆ ಆ ವಾದ್ಯಸಂಗೀತ ಕೇಳಿದ್ದೆನಲ್ಲ, ಅದರ ಧಾಟಿ ಕೂಡ ನನಗೆ ಬಾಯಿಪಾಠವಾಗಿತ್ತು. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆ ವಾಕ್ಯವನ್ನು ಇವತ್ತಿಗೂ ನಾನು ಸ್ನಾನ ಮಾಡುವಾಗ, ಟ್ರೈನಿಗೆ ಕಾಯುವಾಗ ಸುಮ್ಮಸುಮ್ಮನೆ ಹೇಳಿಕೊಳ್ಳುತ್ತೇನೆ.

ಎರಡು ವಾರದಲ್ಲಿ ಕರಾರನ್ನು ಒಬ್ಬ ಇನ್ವೆಸ್ಟರಿಗೆ ದಾಟಿಸಿದೆ. ಬಂದ ಲಾಭದಲ್ಲಿ ನಮ್ಮ ಅಡುಗೆಮನೆಗೆ ಹೊಸ ಗ್ರಾನೈಟ್ ಕಟ್ಟೆ ಹಾಕಿಸಿದೆವು. ಗೆದ್ದ ಖುಷಿಗೆ ಎರಡು ಸಂಸಾರವನ್ನೂ ಹ್ಯಾರಿಸ್ ಪಾರ್ಕಿನ ಒಂದು ಹೋಟೆಲಿಗೆ ಕರೆದೊಯ್ದು ಊಟ ಹಾಕಿಸಿದೆ. ಭಾವನಿಗೆ ಕೇಳಿಸಲೆಂದೇ ಎಲ್ಲವನ್ನೂ ವಿವರವಾಗಿ ಹೇಳಿದೆ. ಹೇಗೆ ಅಕ್ಕ ಎಂದೆ, ಹೇಗೆ ಸುಮ್ಮನೆ ಕೂತೆ, ಎಲ್ಲ. ಅವರು ದೋಸೆ ಮುರಿಯುತ್ತ ಕೇಳಿಸಿಕೊಂಡರು. ಸಹಿ ಮಾಡಿದವರು ಮನಸ್ಸು ಬದಲಿಸಲು ದಿನ ಉಳಿದಿದೆಯೇ ಎಂದು ವಿಚಾರಿಸಿದರು. ಆ ಮೂರು ದಿನದ ಅವಕಾಶ ಕೊಳ್ಳುವವರಿಗೆ ಮಾತ್ರ, ಮಾರುವವರಿಗಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ.

“ಹಂಗಾರ ಅವರು ಎಲ್ಲಿಗೆ ಹೋಗತಾರ?” ಎಂದರು ಭಾವ.

“ಗೊತ್ತಿಲ್ಲ ಭಾವ. ಎಲ್ಲಾದ್ರೂ ರೆಂಟಿಗೆ ಹೋಗ್ತಾರೆ.”

ಅವರು ದೋಸೆ ಮುಗಿಸಿ ಕೈ ತೊಳೆಯಲು ಎದ್ದರು. ಮನೆಗೆ ಹೋದ ಮೇಲೆ ಆ ಮನೆಯ ವಿಳಾಸ ಕಳಿಸು ಎಂದು ಫೋನ್ ಮಾಡಿದರು. ಅಲ್ಲಿನ ಚರಂಡಿಯ ನಕ್ಷೆ ನೋಡಬೇಕಂತೆ. ಹುಚ್ಚು ಬಿಡಲಿಲ್ಲ ಎಂದು ನಕ್ಕು ಕಳಿಸಿದೆ. ಮುಂದಿನ ತಿಂಗಳು ಅವರು ಒಂದು ವಾರ ಮೆಲ್ಬರ್ನಿಗೆ ಹೋದರು. ಮಳೆನೀರಿನ ಪೈಪುಗಳ ಬಗ್ಗೆ ಏನೋ ಟ್ರೈನಿಂಗ್ ಎಂದು ಅವರ ಹೆಂಡತಿ ಹೇಳಿದರು. ರಿಟೈರಾಗುವ ವಯಸ್ಸಿನಲ್ಲಿ ಟ್ರೈನಿಂಗ್! ನಾವೆಲ್ಲ ಅದಕ್ಕೂ ನಕ್ಕೆವು.

ನಾನು ಎರಡನೆಯ ಮನೆ ಮಾರಲಿಲ್ಲ. ಒಳ್ಳೆಯತನದಿಂದ ಬಿಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ, ಪ್ರಯತ್ನ ಮಾಡಿದೆ. ಮೂರು ಬಾಗಿಲು ತಟ್ಟಿದೆ. ಬೆಲೆ ಹೇಳಿ ಸುಮ್ಮನೆ ಕೂರುವ ಹೊತ್ತಿಗೆ ತಿಪಟೂರಿನ ಆ ಹೆಂಗಸಿನ ಮುಖ ಎದುರಿಗೆ ಬರುತ್ತಿತ್ತು, ನಾನೇ ಮೊದಲು ಬಾಯಿಬಿಡುತ್ತಿದ್ದೆ. ಕೊನೆಗೆ ಆ ನೋಟ್‌ಬುಕ್ಕನ್ನು ಹಳೆಯ ಪೇಪರಿನ ಜೊತೆ ಬಿನ್ನಿಗೆ ಹಾಕಿದೆ. ಹೆಂಡತಿ ಹೊಸ ಕಟ್ಟೆಯ ಮೇಲೆ ಚಪಾತಿ ಲಟ್ಟಿಸುವಾಗ ನಾನು ಆ ಕಡೆ ನೋಡದಿರಲು ಕಲಿತೆ.

ಎಂಟು ತಿಂಗಳ ಮೇಲೆ ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗಬೇಕಾಯಿತು. ಮಧ್ಯಾಹ್ನ ಬಿಡುವಿತ್ತು. ಕಾಲೇ ಎಳೆದುಕೊಂಡು ಹೋದ ಹಾಗೆ ಆ ಬೀದಿಗೆ ಹೋದೆ. ಮನೆ ಇರಲಿಲ್ಲ. ಸುತ್ತ ತಂತಿಯ ಬೇಲಿ, ನಡುವೆ ಬರೀ ಮಣ್ಣು, ನಾಲ್ಕು ಟೌನ್‌ಹೌಸ್ ಬರಲಿವೆ ಎಂಬ ಬೋರ್ಡು. ಬೇಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಆಕೆಗೆ ಫೋನ್ ಮಾಡಿದೆ. ಬೈಯಲಿ ಎಂದೇ ಮಾಡಿದೆ. ಆಕೆ ಬೈಯಲಿಲ್ಲ. ಊರಿಗೆ ಬಂದು ಮನೆಗೆ ಬರದೆ ಹೋಗುತ್ತೀರಾ ಎಂದು ಹೊಸ ವಿಳಾಸ ಕಳಿಸಿದರು.

ಎರಡು ಸ್ಟೇಷನ್ ಆಚೆ ಒಂದು ಬಾಡಿಗೆ ಯೂನಿಟ್. ಒಳಗೆ ಕಾಲಿಡುತ್ತಲೇ ಕಂಡದ್ದು ಗೋಡೆಯುದ್ದಕ್ಕೂ ಹೋದ ಒಂದು ಮರದ ಹಿಡಿಗಂಬಿ. ಸೊಂಟದೆತ್ತರಕ್ಕೆ, ನುಣ್ಣಗೆ ಉಜ್ಜಿದ್ದು. ಮಲಗುವ ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ, ಅಲ್ಲಿಂದ ಕಿಟಕಿಯ ಪಕ್ಕದ ಕುರ್ಚಿಗೆ.

ಆಕೆ ಕಾಫಿ ಕೊಡುತ್ತ ಹೇಳಿದರು: “ನಿಮ್ಮ ಭಾವನ್ನ ಕಳಿಸಿಕೊಟ್ರಲ್ಲ, ಆ ಉಪಕಾರ ನಾವು ಸಾಯೋವರ್ಗೂ ಮರೆಯಲ್ಲ.”

ಉಳಿದದ್ದನ್ನೆಲ್ಲ ಆಕೆಯೇ ಹೇಳಿದರು. ಹಳೆಯ ಮನೆ ಖಾಲಿ ಮಾಡುವ ಮೊದಲು ಭಾವ ಅಲ್ಲಿಗೆ ಬಂದಿದ್ದರಂತೆ. ಮೊದಲು ಆ ಇನ್ವೆಸ್ಟರನ ಆಫೀಸಿಗೆ ಹೋಗಿ, ಮನೆ ವಾಪಸ್ಸು ಕೊಡಲು ಆಗುತ್ತದೆಯೇ ಎಂದು ಕೇಳಿ, ಆಗುವುದಿಲ್ಲ ಎನ್ನಿಸಿಕೊಂಡು ಬಂದಿದ್ದರಂತೆ. ಬಂದವರು ಆಕೆಯ ಗಂಡನ ಕೈ ಹಿಡಿದು, ತಾವೂ ಕಣ್ಣು ಮುಚ್ಚಿಕೊಂಡು, ಮನೆಯೆಲ್ಲ ಎರಡು ಸಲ ಓಡಾಡಿದರಂತೆ. ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ, ಕೈ ಎಲ್ಲಿ ತಿರುಗುತ್ತದೆ, ಎಲ್ಲ ಬರೆದುಕೊಂಡರಂತೆ. ಆಮೇಲೆ ಈ ಯೂನಿಟ್ಟಿನ ಮಾಲೀಕನ ಒಪ್ಪಿಗೆ ಪಡೆದು ನಾಲ್ಕು ದಿನ ಕೂತು ಕಂಬಿ ಹಾಕಿದರು. ಹಳೆಯ ಮನೆಯ ಹೆಜ್ಜೆಯ ಲೆಕ್ಕ ಹೊಂದದ ಕಡೆ, ತಿರುವು ಬರುವ ಮೊದಲೇ ಕೈಗೆ ತಿಳಿಯಲಿ ಎಂದು ಒಂದು ಸಣ್ಣ ಮರದ ಗುಬುಟು ಕೂರಿಸಿದರು. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಹಳೆಯ ಮನೆಯದಕ್ಕಿಂತ ತಿರುಗಮುರುಗ ಇತ್ತು. ಕೈ ಸುಟ್ಟುಕೊಂಡಾರು ಎಂದು ಅದನ್ನೂ ಬದಲಿಸಿ ಹೋದರು.

ಮಲಗುವ ಕೋಣೆಯಿಂದ ಆಕೆಯ ಗಂಡ ಹೊರಗೆ ಬಂದರು. ಕಂಬಿಯ ಮೇಲೆ ಬೆರಳು ಜಾರಿಸುತ್ತ ಬಂದು ಗುಬುಟು ಸಿಕ್ಕ ಕಡೆ ತಿರುಗಿ ನೆಟ್ಟಗೆ ತಮ್ಮ ಕುರ್ಚಿಯಲ್ಲಿ ಕೂತರು. ಯಾರು ಬಂದದ್ದು ಎಂದು ಕೇಳಿದರು. ಹೆಂಡತಿ ಹೇಳಿದಾಗ ನನ್ನ ಕಡೆಗೆ ಮುಖ ಮಾಡಿ ನಕ್ಕರು.

“ಆವತ್ತು ನೀವು ಮಾತೇ ಆಡ್ಲಿಲ್ಲ ನೋಡಿ. ಇದೀರೋ ಎದ್ದು ಹೋದ್ರೋ ಅಂತ ನನಗೆ ಗೊತ್ತಾಗ್ಲಿಲ್ಲ.”

ಅವರು ಅದನ್ನು ತಮಾಷೆಗೆ ಹೇಳಿದರು. ಇದ್ದೆ ಎಂದು ನಾನು ಹೇಳಬೇಕಿತ್ತು. ಇದ್ದೆ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ, ನಿಮ್ಮ ಮನೆ ಉಳಿಸಿಕೊಳ್ಳಬಹುದಿತ್ತು, ಭಾವನನ್ನು ಕಳಿಸಿದ್ದೂ ನಾನಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಆಕೆ ಇನ್ನೊಂದು ಲೋಟ ಕಾಫಿ ತಂದರು. ಕುಡಿದು ಎದ್ದು ಬಂದೆ.

ಸಿಡ್ನಿಗೆ ಮರಳಿದ ಭಾನುವಾರ ಬ್ಲ್ಯಾಕ್‌ಟೌನಿಗೆ ಹೋದೆ. ಭಾವ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಿಸಿಲಿಗೆ ಕಾಲು ಕಾಯಿಸುತ್ತಿದ್ದರು. ಪಕ್ಕದಲ್ಲಿ ಕೂತು, ಮೆಲ್ಬರ್ನಿಗೆ ಹೋಗಿದ್ದೆ, ಅವರ ಮನೆಗೂ ಹೋಗಿದ್ದೆ ಎಂದೆ. ಅವರು ಗಾಬರಿಯಾಗಲಿಲ್ಲ, ನಾಚಿಕೆಯನ್ನೂ ಪಡಲಿಲ್ಲ.

“ಕಂಬಿ ಅಲ್ಲಾಡತಾವೇನು?”

“ಇಲ್ಲ ಭಾವ. ಗಟ್ಟಿಯಾಗಿವೆ.”

ಅವರಿಗೆ ಸಮಾಧಾನವಾಯಿತು. ನಾನು ಕೇಳಿದೆ: “ನಾನು ಕಳಿಸಿದೆ ಅಂತ ಯಾಕೆ ಹೇಳಿದ್ರಿ?”

ಭಾವ ಗಲ್ಲ ಕೆರೆದುಕೊಂಡರು.

“ಆಕಿ ಬಾಗಲಾ ತಗದ ಕೂಡ್ಲೆ ನಿನ್ನ ಹೊಗಳಾಕ ಹತ್ತಿದ್ಲು. ಹುಡುಗ ಭಾಳ ಒಳ್ಳೇಂವ, ಬಾಯಿ ತುಂಬ ಅಕ್ಕಾ ಅಂತಾನ ಅಂದ್ಲು. ನಾ ಏನು ಹೇಳಬೇಕಿತ್ತು? ಮನೀ ಅಂತೂ ಹೋತು. ಆ ನಂಬಿಗಿ ಒಂದರೆ ಆಕಿ ಕಡೆ ಇರ್ಲಿ ಅಂತ ಬಿಟ್ಟೆ.”

ಒಳಗಿನಿಂದ ಅವರ ಹೆಂಡತಿ ಊಟಕ್ಕೆ ಕರೆದರು. ಭಾವ ಏಳಲಿಲ್ಲ. ನಾನು ಕಣ್ಣು ಒರೆಸಿಕೊಳ್ಳುವವರೆಗೂ ಪಕ್ಕದಲ್ಲೇ ಕೂತಿದ್ದು, ಆಮೇಲೆ ಹೆಗಲಿಗೆ ಕೈ ಕೊಟ್ಟು ಎಬ್ಬಿಸಿಕೊಂಡು ಹೋದರು.